ಸೆರೆ, ಗಡಿ ಮತ್ತು ಪತ್ರಿಕೆ: ಪೆರಿಯಾರ್ ಬದುಕಿನಲ್ಲಿ ಸ್ತ್ರೀ ವಿಮೋಚನೆಯ ಹೋರಾಟ

ಪೀಠಿಕೆ

ಇಪ್ಪತ್ತನೆಯ ಶತಮಾನದ ದಕ್ಷಿಣ ಭಾರತದ ಸಾಮಾಜಿಕ ಚಿಂತನೆಯ ಇತಿಹಾಸದಲ್ಲಿ ಈ.ವೆ. ರಾಮಸ್ವಾಮಿ ಪೆರಿಯಾರ್ (1879–1973) ಅವರದು ಬಹುಚರ್ಚಿತ ಹೆಸರು. ನಾಸ್ತಿಕವಾದಿ, ಬ್ರಾಹ್ಮಣೇತರ ಚಳವಳಿಯ ನಾಯಕ, ದ್ರಾವಿಡ ರಾಜಕಾರಣದ ಮೂಲಪುರುಷ ಎಂಬ ನೆಲೆಗಳಲ್ಲಿಯೇ ಅವರನ್ನು ಗುರುತಿಸುವುದು ವಾಡಿಕೆಯಾಗಿದೆ. ಆದರೆ ಸುಮಾರು ಅರ್ಧ ಶತಮಾನದ ಕಾಲ ಪತ್ರಿಕೆಗಳನ್ನು ಕಟ್ಟಿ ನಡೆಸಿದ ಪತ್ರಕರ್ತ ಎಂಬ ನೆಲೆಗೆ ಕನ್ನಡದಲ್ಲಿ ಸಾಕಷ್ಟು ಗಮನ ದೊರೆತಿಲ್ಲ. ಆ ಪತ್ರಿಕೆಗಳ ಮುಖ್ಯ ಕಾಳಜಿಗಳಲ್ಲಿ ಸ್ತ್ರೀಯರ ಹಕ್ಕು ಮೊದಲ ಸಾಲಿನದು. ಅವರು ಎದುರಿಸಿದ ಮೊಕದ್ದಮೆಗಳಲ್ಲಿ ಬಹುಮುಖ್ಯವಾದ ಒಂದು, ಮಹಿಳೆಯರ ಸಮ್ಮೇಳನದಲ್ಲಿ ಆಡಿದ ಮಾತಿಗಾಗಿಯೇ ಹೂಡಲ್ಪಟ್ಟದ್ದು. ಅದರ ಪರಿಣಾಮವಾಗಿ ಅವರು ತಮ್ಮ ಕಾರ್ಯಕ್ಷೇತ್ರದಿಂದ ದೂರವಾಗಿ ಬಳ್ಳಾರಿಯ ಸೆರೆಮನೆಗೆ ಬಂದರು.

ಪೆರಿಯಾರ್ ಅವರ ಮನೆಮಾತು ಕನ್ನಡ. ಈರೋಡಿನಲ್ಲಿ ನೆಲೆಸಿದ್ದ ಕನ್ನಡ ಮಾತನಾಡುವ ಬಲಿಜ ಕುಟುಂಬದಲ್ಲಿ ಹುಟ್ಟಿ, ತಮಿಳಿನಲ್ಲಿ ಬರೆದು, ತಮಿಳಿನ ಹೆಸರಿನಲ್ಲಿ ಹೋರಾಡಿ, ಕನ್ನಡ ಜಿಲ್ಲೆಯೊಂದರಲ್ಲಿ ಸೆರೆವಾಸ ಅನುಭವಿಸಿದ ಈ ವ್ಯಕ್ತಿಯ ಬದುಕು ತುಂಗಭದ್ರೆಯ ಎರಡೂ ದಂಡೆಗಳ ಕನ್ನಡಿಗರಿಗೆ ಅಭ್ಯಾಸಯೋಗ್ಯವಾಗಿದೆ. ಬಳ್ಳಾರಿಯಿಂದ ಸಿರುಗುಪ್ಪದ ದಾರಿಯಾಗಿ ನದಿ ದಾಟಿದರೆ ಸಿಂಧನೂರು ಸಿಗುತ್ತದೆ. ಅಲ್ಲಿಂದ ಮುಂದೆ ಮಸ್ಕಿ, ಲಿಂಗಸುಗೂರು. ಇಂದು ಕೆಲವೇ ಗಂಟೆಗಳ ಈ ಪ್ರಯಾಣ 1938ರಲ್ಲಿ ಎರಡು ಪ್ರಭುತ್ವಗಳ ಗಡಿಯನ್ನು ದಾಟುವ ಪ್ರಯಾಣವಾಗಿತ್ತು. 1800ರಲ್ಲಿ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ ಸೀಮೆ ಮದರಾಸು ಪ್ರಾಂತ್ಯದಲ್ಲಿತ್ತು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಪತ್ರಿಕೆ, ಸಭೆ, ಕಾಯ್ದೆಗಳ ವಿಷಯದಲ್ಲಿ ಎರಡು ದಂಡೆಗಳ ಅನುಭವ ಬೇರೆಬೇರೆಯಾಗಿತ್ತು. ಈ ಭಿನ್ನತೆಯನ್ನು ಗಮನದಲ್ಲಿರಿಸಿಕೊಂಡು, ಪತ್ರಕರ್ತ ಪೆರಿಯಾರ್ ಅವರ ಬದುಕಿನಲ್ಲಿ ಸ್ತ್ರೀ ವಿಮೋಚನೆಯ ವಿಚಾರ ರೂಪುಗೊಂಡ ಬಗೆಯನ್ನೂ ಅದಕ್ಕಾಗಿ ಯಾರು ಬೆಲೆ ತೆತ್ತರು ಎಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಈರೋಡಿನ ದಿನಗಳು

ರಾಮಸ್ವಾಮಿಯವರು 1879ರ ಸೆಪ್ಟೆಂಬರ್ 17ರಂದು ಈರೋಡಿನಲ್ಲಿ ಜನಿಸಿದರು. ತಂದೆ ವೆಂಕಟಪ್ಪ ನಾಯ್ಕರ್ ಕೆಳಗಿನಿಂದ ಮೇಲೆ ಬಂದ ಶ್ರೀಮಂತ ವರ್ತಕರು; ತಾಯಿ ಚಿನ್ನ ತಾಯಮ್ಮಾಳ್. ಮನೆಯಲ್ಲಿ ವೈಷ್ಣವ ಸಂಪ್ರದಾಯದ ಆಚರಣೆ, ಹರಿಕಥೆ, ಪುರಾಣಶ್ರವಣಗಳು ನಿತ್ಯದ ಸಂಗತಿಗಳಾಗಿದ್ದವು. ಹುಡುಗನ ಶಾಲಾ ಶಿಕ್ಷಣ ಬಹಳ ದೂರ ಸಾಗಲಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ತಂದೆಯ ಮಂಡಿಯ ವ್ಯವಹಾರಕ್ಕೆ ಸೇರಿದ ರಾಮಸ್ವಾಮಿ, ಮನೆಗೆ ಬರುತ್ತಿದ್ದ ಪಂಡಿತರೊಡನೆ ವಾದಕ್ಕಿಳಿದು ಪುರಾಣಗಳ ಒಳವಿರೋಧಗಳನ್ನು ಕೆದಕುವುದರಲ್ಲಿ ಆಸಕ್ತಿ ತೋರಿದರು. ಮುಂದೆ ಅವರ ಬರವಣಿಗೆಯಲ್ಲಿ ಕಾಣುವ ಆಡುಮಾತಿನ ವಾದಶೈಲಿಯ ಬೇರುಗಳು ಇಲ್ಲಿವೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ನಾಗಮ್ಮೈಯವರೊಡನೆ ವಿವಾಹವಾಯಿತು. ವಧುವಿಗೆ ಆಗ ಹದಿಮೂರು ವರ್ಷ. ಹುಟ್ಟಿದ ಒಂದೇ ಹೆಣ್ಣುಮಗು ಕೆಲವು ತಿಂಗಳಲ್ಲಿ ತೀರಿಕೊಂಡಿತು, ಮತ್ತೆ ಮಕ್ಕಳಾಗಲಿಲ್ಲ. 1904ರಲ್ಲಿ ಮನೆ ಬಿಟ್ಟು ಕಾಶಿಗೆ ಹೋದ ಅವರು ಅಲ್ಲಿನ ಛತ್ರಗಳ ಜಾತಿಭೇದವನ್ನು ಕಂಡು ಹಿಂದಿರುಗಿದ ಪ್ರಸಂಗ ಪ್ರಸಿದ್ಧವಾಗಿದೆ. ಪ್ರಸ್ತುತ ಚರ್ಚೆಗೆ ಅದಕ್ಕಿಂತ ಮುಖ್ಯವಾದದ್ದು 1909ರ ಒಂದು ಘಟನೆ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡ ಸೋದರಿಯ ಮಗಳಿಗೆ ಅವರು ಕುಟುಂಬದ ಪ್ರಬಲ ವಿರೋಧವನ್ನು ಲೆಕ್ಕಿಸದೆ ಮರುವಿವಾಹ ಮಾಡಿಸಿದರು. ಪತ್ರಿಕೆ ಆರಂಭಿಸುವುದಕ್ಕೆ ಹದಿನಾರು ವರ್ಷಗಳ ಹಿಂದೆ, ಯಾವ ರಾಜಕೀಯ ಪಕ್ಷಕ್ಕೂ ಸೇರದಿದ್ದಾಗ ನಡೆದ ಈ ಘಟನೆ, ಸ್ತ್ರೀ ಪ್ರಶ್ನೆ ಅವರಿಗೆ ಸಿದ್ಧಾಂತದ ಮಾರ್ಗವಾಗಿ ಬರದೆ ಮನೆಯೊಳಗಿನಿಂದಲೇ ಎದುರಾಯಿತೆಂಬುದನ್ನು ಸೂಚಿಸುತ್ತದೆ.

ಈರೋಡು ಪುರಸಭೆಯ ಅಧ್ಯಕ್ಷರಾಗಿ ಹೆಸರು ಮಾಡಿದ ಅವರು 1919ರಲ್ಲಿ ಕಾಂಗ್ರೆಸ್ ಸೇರಿದರು. ಖಾದಿ ಪ್ರಚಾರ, ಪಾನನಿರೋಧಗಳಲ್ಲಿ ತೊಡಗಿಕೊಂಡರು. 1921ರ ಹೆಂಡದಂಗಡಿಗಳ ಎದುರಿನ ಸತ್ಯಾಗ್ರಹದಲ್ಲಿ ಅವರು ಬಂಧಿತರಾದಾಗ ಪತ್ನಿ ನಾಗಮ್ಮೈ ಮತ್ತು ಸೋದರಿ ಕಣ್ಣಮ್ಮಾಳ್ ಅವರೇ ಮುಂದೆ ನಿಂತು ಚಳವಳಿ ನಡೆಸಿದರು. ಗಂಡಸು ಸೆರೆಮನೆಗೆ ಹೋದಾಗ ಹೆಂಗಸರು ಆ ಸ್ಥಾನಕ್ಕೆ ಬರುವ ಈ ವಿನ್ಯಾಸ ಪೆರಿಯಾರ್ ಅವರ ಬದುಕಿನುದ್ದಕ್ಕೂ ಮರುಕಳಿಸುತ್ತದೆ.

ವೈಕಂ: ಮೊದಲ ನಿಷೇಧ

1924ರ ಮಾರ್ಚ್ 30ರಂದು ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ದೇವಾಲಯದ ಸುತ್ತಲಿನ ರಸ್ತೆಗಳನ್ನು ಅಸ್ಪೃಶ್ಯರೆನಿಸಿದವರಿಗೆ ಮುಕ್ತಗೊಳಿಸಬೇಕೆಂಬ ಸತ್ಯಾಗ್ರಹ ಆರಂಭವಾಯಿತು. ಸ್ಥಳೀಯ ನಾಯಕರು ಬಂಧಿತರಾದ ಮೇಲೆ ಬಂದ ಕರೆಯ ಮೇರೆಗೆ ರಾಮಸ್ವಾಮಿಯವರು ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋದರು. ಅವರ ಭಾಷಣಗಳು ಜನರನ್ನು ಸೆಳೆಯತೊಡಗಿದಾಗ ಸಂಸ್ಥಾನದ ಸರ್ಕಾರ ನಿಷೇಧಾಜ್ಞೆ ಹೊರಡಿಸಿತು. ಆಜ್ಞೆಯನ್ನು ಮೀರಿದ್ದಕ್ಕಾಗಿ ಸೆರೆವಾಸವಾಯಿತು. ಬಿಡುಗಡೆಯಾದ ಕೂಡಲೇ ಮತ್ತೆ ಆಜ್ಞೆಯನ್ನು ಮೀರಿದರು. ಎರಡನೆಯ ಬಾರಿ ತಿರುವನಂತಪುರದ ಸೆರೆಮನೆಯಲ್ಲಿ ಕಠಿಣ ಶಿಕ್ಷೆ ಅನುಭವಿಸಿದರು. ಅವರು ಒಳಗಿದ್ದಾಗ ನಾಗಮ್ಮೈಯವರು ವೈಕಂಗೆ ಬಂದು ಮಹಿಳೆಯರೊಡನೆ ಸತ್ಯಾಗ್ರಹದಲ್ಲಿ ಪಾಲ್ಗೊಂಡರು.

ಸಂಸ್ಥಾನವೊಂದರ ಗಡಿ ಎಂದರೆ ಏನು, ಹೊರಗಿನವನೆಂಬ ಹಣೆಪಟ್ಟಿ ಪ್ರಭುತ್ವಕ್ಕೆ ಹೇಗೆ ಆಯುಧವಾಗುತ್ತದೆ ಎಂಬುದು ಇಲ್ಲಿ ಅವರ ಅನುಭವಕ್ಕೆ ಬಂತು. ದಕ್ಷಿಣದ ಪತ್ರಿಕೋದ್ಯಮಕ್ಕೆ ಗಡಿಯ ಈ ಅನುಭವ ಹೊಸದಾಗಿರಲಿಲ್ಲ. ಮಹಿಳೆಯರಿಗಾಗಿ 'ಚಕ್ರವರ್ತಿನಿ' ಪತ್ರಿಕೆಯನ್ನು ಸಂಪಾದಿಸಿದ್ದ ಕವಿ ಸುಬ್ರಹ್ಮಣ್ಯ ಭಾರತಿಯವರು ಬಂಧನ ತಪ್ಪಿಸಿಕೊಳ್ಳಲು 1908ರಿಂದ 1918ರವರೆಗೆ ಫ್ರೆಂಚರ ಪುದುಚೇರಿಯಲ್ಲಿ ನೆಲೆಸಬೇಕಾಗಿತ್ತು. ಭಾರತಿಯವರು ಗಡಿಯಾಚೆ ನಿಂತು ಬರೆದರು. ರಾಮಸ್ವಾಮಿಯವರು ಗಡಿಯನ್ನು ಮೀರಿ ಒಳಗೆ ಹೋಗಿ ಶಿಕ್ಷೆಯನ್ನು ಎದುರಿಸುವ ಮಾರ್ಗವನ್ನು ಆರಿಸಿಕೊಂಡರು.

'ಕುಡಿ ಅರಸು'

1925ರ ಮೇ 2ರಂದು ಈರೋಡಿನಿಂದ 'ಕುಡಿ ಅರಸು' ವಾರಪತ್ರಿಕೆ ಹೊರಬಂತು. ಪ್ರಜೆಗಳ ಆಳ್ವಿಕೆ ಎಂಬುದು ಹೆಸರಿನ ಅರ್ಥ. ಅದೇ ವರ್ಷದ ಕೊನೆಯಲ್ಲಿ ಕಾಂಚೀಪುರದ ಸಮ್ಮೇಳನದಲ್ಲಿ ಬ್ರಾಹ್ಮಣೇತರ ಪ್ರಾತಿನಿಧ್ಯದ ಬೇಡಿಕೆಗೆ ಅವಕಾಶ ದೊರೆಯದೆ ಅವರು ಕಾಂಗ್ರೆಸ್ಸನ್ನು ತೊರೆದರು. ಸ್ವಾಭಿಮಾನ ಚಳವಳಿ ಬೆಳೆದದ್ದು ಈ ಪತ್ರಿಕೆಯ ಪುಟಗಳಲ್ಲಿ. 1928ರಲ್ಲಿ 'ರಿವೋಲ್ಟ್' ಎಂಬ ಇಂಗ್ಲಿಷ್ ವಾರಪತ್ರಿಕೆಯೂ ಜೊತೆಗೂಡಿತು. ಹೆಸರಿನೊಂದಿಗಿದ್ದ ಜಾತಿಸೂಚಕ ಪದವನ್ನು ರಾಮಸ್ವಾಮಿಯವರು ಕೈಬಿಟ್ಟದ್ದೂ ಈ ಅವಧಿಯಲ್ಲಿಯೇ.

ಸ್ತ್ರೀಯರನ್ನು ಕುರಿತು 'ಕುಡಿ ಅರಸು'ವಿನಲ್ಲಿ ಅವರು ಬರೆದ ಲೇಖನಗಳು 1930ರ ದಶಕದಲ್ಲಿ ಪುಸ್ತಕವಾಗಿ ಪ್ರಕಟಗೊಂಡವು. ಹೆಣ್ಣು ಏಕೆ ಗುಲಾಮಳಾದಳು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಈ ಕೃತಿಯ ನೆಲೆಗಳನ್ನು ಸಂಗ್ರಹವಾಗಿ ಹೀಗೆ ಗುರುತಿಸಬಹುದು. ಮೊದಲನೆಯದಾಗಿ, ಪಾತಿವ್ರತ್ಯದ ಕಲ್ಪನೆಯನ್ನು ಅವರು ಹೆಣ್ಣಿಗೆ ಮಾತ್ರ ವಿಧಿಸಿದ ಏಕಮುಖ ಕಟ್ಟಳೆಯೆಂದು ಪರಿಗಣಿಸಿ, ಅದು ಇಬ್ಬರಿಗೂ ಸಮಾನವಾಗದ ಹೊರತು ಮೌಲ್ಯವಾಗಲಾರದೆಂದು ವಾದಿಸಿದರು. ಎರಡನೆಯದಾಗಿ, ವಿವಾಹವನ್ನು ದೈವನಿರ್ಣಯವೆಂಬ ಭಾವನೆಯಿಂದ ಬಿಡಿಸಿ ಇಬ್ಬರು ವ್ಯಕ್ತಿಗಳ ನಡುವಿನ ಒಪ್ಪಂದವೆಂದು ನಿರ್ವಚಿಸಿದರು. ಒಪ್ಪಂದವಾದ ಮೇಲೆ ವಿಚ್ಛೇದನ ಮತ್ತು ಮರುವಿವಾಹಗಳು ಸಹಜ ಹಕ್ಕುಗಳಾಗುತ್ತವೆ. ಮೂರನೆಯದಾಗಿ, ಆಸ್ತಿಯ ಹಕ್ಕಿಲ್ಲದ ಹೆಣ್ಣಿಗೆ ಉಳಿದ ಯಾವ ಹಕ್ಕೂ ನಿಲ್ಲದೆಂಬುದು ಅವರ ದೃಢವಾದ ನಿಲುವಾಗಿತ್ತು. ನಾಲ್ಕನೆಯದು ಸಂತಾನ ನಿಯಂತ್ರಣ. ಅಂದಿನ ಸುಧಾರಕರು ತಾಯಿಯ ಆರೋಗ್ಯ, ಕುಟುಂಬದ ಆರ್ಥಿಕ ಸ್ಥಿತಿ ಅಥವಾ ದೇಶದ ಜನಸಂಖ್ಯೆಯ ಕಾರಣಕ್ಕಾಗಿ ಅದನ್ನು ಬೆಂಬಲಿಸಿದರೆ, ಪೆರಿಯಾರ್ ಅವರು ಹೆಣ್ಣಿನ ಸ್ವಾತಂತ್ರ್ಯದ ಕಾರಣಕ್ಕಾಗಿಯೇ ಅದನ್ನು ಸಮರ್ಥಿಸಿದರು.

ಇವೆಲ್ಲಕ್ಕಿಂತ ತೀಕ್ಷ್ಣವಾದದ್ದು ಗಂಡಸುತನದ ಕಲ್ಪನೆಯೇ ಅಳಿಯಬೇಕೆಂಬ ವಾದ. ಹೆಣ್ಣಿನ ಬಿಡುಗಡೆಗಾಗಿ ಗಂಡಸರು ನಡೆಸುವ ಪ್ರಯತ್ನಗಳನ್ನು ಅವರು ಸಂಶಯದಿಂದ ಕಂಡರು. ಅಧಿಕಾರದಲ್ಲಿರುವವನು ತಾನಾಗಿಯೇ ಅಧಿಕಾರವನ್ನು ಬಿಟ್ಟುಕೊಡಲಾರನೆಂಬುದು ಅವರ ತಿಳಿವಳಿಕೆ. ಈ ಮಾತನ್ನು ಒಪ್ಪಿದರೆ ಅದನ್ನು ಬರೆಯುತ್ತಿರುವ ಗಂಡಸಿನ ಸ್ಥಾನವೇನು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರವನ್ನು ಅವರ ಬರವಣಿಗೆಗಿಂತ ಹೆಚ್ಚಾಗಿ ಅವರ ಪತ್ರಿಕೆ ಮತ್ತು ಚಳವಳಿಗಳು ನಡೆದ ರೀತಿಯಲ್ಲಿ ಹುಡುಕಬೇಕಾಗುತ್ತದೆ. ನೀಲಾವತಿ, ಕುಂಜಿತಂ ಮೊದಲಾದ ಮಹಿಳೆಯರು ಈ ಚಳವಳಿಯ ಲೇಖಕಿಯರಾಗಿ, ಭಾಷಣಕಾರರಾಗಿ ಬೆಳೆದರು.

ಇದೇ ಕಾಲದ ಕನ್ನಡದ ಸಂದರ್ಭವನ್ನು ಹೋಲಿಕೆಗಾಗಿ ನೆನೆಯಬಹುದು. ನಂಜನಗೂಡು ತಿರುಮಲಾಂಬ ಅವರ 'ಕರ್ನಾಟಕ ನಂದಿನಿ', ಆರ್. ಕಲ್ಯಾಣಮ್ಮ ಅವರ 'ಸರಸ್ವತಿ' ಪತ್ರಿಕೆಗಳನ್ನು ಮಹಿಳೆಯರೇ ಸಂಪಾದಿಸಿ ನಡೆಸಿದರು. ಕುಟುಂಬದ ಚೌಕಟ್ಟನ್ನು ಉಳಿಸಿಕೊಂಡು ಶಿಕ್ಷಣ ಮತ್ತು ಗೌರವಗಳನ್ನು ಗಳಿಸುವ ದಾರಿ ಅವುಗಳದು. 'ಕುಡಿ ಅರಸು' ಆ ಚೌಕಟ್ಟನ್ನೇ ಪ್ರಶ್ನಿಸಿತು. ಆದರೆ ಅದರ ಸಂಪಾದಕೀಯ ಅಧಿಕಾರ ಗಂಡಸಿನ ಕೈಯಲ್ಲಿತ್ತು. ಎರಡೂ ಮಾದರಿಗಳ ಸಾಧ್ಯತೆ ಮತ್ತು ಮಿತಿಗಳನ್ನು ಒಟ್ಟಿಗೆ ಇರಿಸಿ ನೋಡಬೇಕಾದ ಅಗತ್ಯವಿದೆ.

ಚೆಂಗಲ್ಪಟ್ಟು ನಿರ್ಣಯಗಳು

1929ರ ಫೆಬ್ರುವರಿಯಲ್ಲಿ ಚೆಂಗಲ್ಪಟ್ಟಿನಲ್ಲಿ ಸ್ವಾಭಿಮಾನ ಚಳವಳಿಯ ಮೊದಲ ಪ್ರಾಂತೀಯ ಸಮ್ಮೇಳನ ನಡೆಯಿತು. ಸ್ತ್ರೀಯರಿಗೆ ಪುರುಷರೊಂದಿಗೆ ಸಮಾನವಾದ ಆಸ್ತಿಹಕ್ಕು, ಸಂಗಾತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ವಿಚ್ಛೇದನ ಮತ್ತು ವಿಧವಾವಿವಾಹದ ಹಕ್ಕು, ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರಾಗಿ ಮಹಿಳೆಯರ ನೇಮಕ ಮೊದಲಾದ ನಿರ್ಣಯಗಳನ್ನು ಸಮ್ಮೇಳನ ಅಂಗೀಕರಿಸಿತು. ಆ ಕಾಲಕ್ಕೆ ಆಸ್ತಿಹಕ್ಕಿನ ನಿರ್ಣಯ ಎಷ್ಟು ಮುಂದಿನದೆಂಬುದು ಕಾಯ್ದೆಗಳ ಇತಿಹಾಸದಿಂದ ತಿಳಿಯುತ್ತದೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರಿಗೆ ಸೀಮಿತ ಹಕ್ಕು ನೀಡುವ ಕಾಯ್ದೆ 1937ರಲ್ಲಿ ಬಂತು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ನೀಡುವ ತಿದ್ದುಪಡಿ ತಮಿಳುನಾಡಿನಲ್ಲಿ 1989ರಲ್ಲಿ, ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಜಾರಿಗೆ ಬಂತು.

ಪುರೋಹಿತರಿಲ್ಲದ, ಮಂತ್ರಗಳಿಲ್ಲದ ಸ್ವಾಭಿಮಾನ ವಿವಾಹಗಳು 1928ರಿಂದ ನಡೆಯತೊಡಗಿದವು. ವಧೂವರರು ಸಭೆಯ ಎದುರು ಪರಸ್ಪರ ಒಪ್ಪಿಗೆಯನ್ನು ಘೋಷಿಸಿ ಹಾರ ಬದಲಾಯಿಸಿಕೊಂಡರೆ ಮದುವೆ ಮುಗಿಯುತ್ತಿತ್ತು. ಅಂತರ್ಜಾತಿ ವಿವಾಹಗಳೂ ವಿಧವಾವಿವಾಹಗಳೂ ಇವುಗಳಲ್ಲಿ ಸೇರಿದ್ದವು. ಇಂತಹ ವಿವಾಹಗಳ ವರದಿಗಳು 'ಕುಡಿ ಅರಸು'ವಿನಲ್ಲಿ ಪ್ರಕಟವಾಗುತ್ತಿದ್ದವು. ಒಂದೂರಿನ ಮದುವೆ ಮತ್ತೊಂದೂರಿಗೆ ಮಾದರಿಯಾಗುತ್ತಿತ್ತು. ಆದಾಗ್ಯೂ ಈ ಮದುವೆಗಳಿಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಸುಮಾರು ನಾಲ್ಕು ದಶಕಗಳ ನಂತರ, 1967ರಲ್ಲಿ ಅಣ್ಣಾದುರೈ ಅವರ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದಾಗ ಆ ಮಾನ್ಯತೆ ದೊರೆಯಿತು. ಅಲ್ಲಿಯವರೆಗೆ ಈ ದಾಂಪತ್ಯಗಳ ಕಾನೂನಾತ್ಮಕ ಅನಿಶ್ಚಿತತೆಯ ಭಾರ ಹೆಚ್ಚಾಗಿ ಬಿದ್ದದ್ದು ಹೆಂಡತಿಯರ ಮೇಲೆ ಎಂಬುದನ್ನು ಮರೆಯಲಾಗದು.

ರಾಜದ್ರೋಹದ ಮೊಕದ್ದಮೆ

1931ರ ಕೊನೆಯಿಂದ 1932ರ ನವೆಂಬರ್‌ವರೆಗೆ ಪೆರಿಯಾರ್ ಅವರು ಈಜಿಪ್ಟ್, ಗ್ರೀಸ್, ತುರ್ಕಿ, ಸೋವಿಯತ್ ರಷ್ಯಾ, ಜರ್ಮನಿ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಪ್ರವಾಸ ಮಾಡಿದರು. ರಷ್ಯಾದ ಅನುಭವ ಅವರನ್ನು ಸಮಾಜವಾದದತ್ತ ಸೆಳೆಯಿತು. ಹಿಂದಿರುಗಿದ ಮೇಲೆ ಅವರ ಪತ್ರಿಕೆಯ ಧ್ವನಿ ಇನ್ನಷ್ಟು ಗಟ್ಟಿಯಾಯಿತು. ಸರ್ಕಾರದ ಕಣ್ಗಾವಲೂ ಹೆಚ್ಚಾಯಿತು.

1933ರ ಮೇ 11ರಂದು ನಾಗಮ್ಮೈಯವರು ತೀರಿಕೊಂಡರು. ಮೂವತ್ತೈದು ವರ್ಷಗಳ ಒಡನಾಟ ಮುಗಿದ ಮರುದಿನವೇ ಪೆರಿಯಾರ್ ಅವರು ತಿರುಚಿರಾಪಳ್ಳಿಗೆ ಹೋಗಿ, ನಿಷೇಧಾಜ್ಞೆಯನ್ನು ಮೀರಿ ಸ್ವಾಭಿಮಾನ ವಿವಾಹವೊಂದನ್ನು ನಡೆಸಿಕೊಟ್ಟು ಬಂಧಿತರಾದರು. ಅದೇ ವರ್ಷದ ಅಕ್ಟೋಬರ್ 29ರ 'ಕುಡಿ ಅರಸು'ವಿನಲ್ಲಿ ಅಂದಿನ ಆಡಳಿತ ಏಕೆ ಅಳಿಯಬೇಕೆಂಬುದನ್ನು ಕುರಿತ ಸಂಪಾದಕೀಯ ಪ್ರಕಟವಾಯಿತು. ಸರ್ಕಾರ ರಾಜದ್ರೋಹದ ಮೊಕದ್ದಮೆ ಹೂಡಿತು. ಆರೋಪಿಗಳಲ್ಲಿ ಒಬ್ಬರು ಲೇಖಕ ರಾಮಸ್ವಾಮಿ. ಇನ್ನೊಬ್ಬರು ಪತ್ರಿಕೆಯ ಪ್ರಕಾಶಕರಾದ ಅವರ ಸೋದರಿ ಕಣ್ಣಮ್ಮಾಳ್. 1934ರ ಆರಂಭದಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಇಬ್ಬರೂ ಸೆರೆಮನೆಗೆ ಹೋದರು.

ಕಣ್ಣಮ್ಮಾಳ್ ಅವರ ಸೆರೆವಾಸ ಪೆರಿಯಾರ್ ಜೀವನಚರಿತ್ರೆಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಸ್ತ್ರೀವಾದಿ ಓದಿಗೆ ಇದು ಮಹತ್ವದ ಸಂಗತಿ. ಬರೆದವರು ಒಬ್ಬರಾದರೆ, ಹೊಣೆಯನ್ನು ಹಂಚಿಕೊಂಡು ಶಿಕ್ಷೆ ಅನುಭವಿಸಿದವರು ಇನ್ನೊಬ್ಬರು. ಪತ್ರಿಕೆಯ ಹೊಣೆಗಾರರ ಸ್ಥಾನದಲ್ಲಿ ಮಹಿಳೆಯೊಬ್ಬರ ಹೆಸರು ಇದ್ದುದು ಕೇವಲ ಔಪಚಾರಿಕವಾಗಿರಲಿಲ್ಲ. 1921ರಲ್ಲಿ ಹೆಂಡದಂಗಡಿಯ ಎದುರು ನಿಂತಿದ್ದವರೂ ಇದೇ ಕಣ್ಣಮ್ಮಾಳ್. 'ಕುಡಿ ಅರಸು' ನಿಂತಾಗ 'ಪುರಟ್ಚಿ', ಅನಂತರ 'ಪಗುತ್ತರಿವು' ಪತ್ರಿಕೆಗಳು ಹೊರಬಂದವು. ಕ್ರಾಂತಿ, ವಿವೇಕ ಎಂಬುದು ಕ್ರಮವಾಗಿ ಅವುಗಳ ಅರ್ಥ. ಹೆಸರು ಬದಲಾಯಿಸಿ ಮುಂದುವರಿಯುವ ಈ ತಂತ್ರದಿಂದ ಪತ್ರಿಕೆಯ ಓಟ ತಪ್ಪಲಿಲ್ಲ. 1935ರಲ್ಲಿ 'ಕುಡಿ ಅರಸು' ಪುನರಾರಂಭವಾಯಿತು. ಬಿಡುಗಡೆ ಎಂಬ ಅರ್ಥದ 'ವಿಡುದಲೈ' ಕೂಡ ಆ ವರ್ಷವೇ ಆರಂಭವಾಗಿ, ಮುಂದೆ ಅವರ ದಿನಪತ್ರಿಕೆಯಾಯಿತು.

ಮದರಾಸಿನಿಂದ ಬಳ್ಳಾರಿಗೆ

1937ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಸಿ. ರಾಜಗೋಪಾಲಾಚಾರಿ ಅವರ ನೇತೃತ್ವದ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. 1938ರ ಏಪ್ರಿಲ್‌ನಲ್ಲಿ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸುವ ಆಜ್ಞೆ ಹೊರಟಿತು. ತಮಿಳು ಪ್ರದೇಶದಲ್ಲಿ ಪ್ರತಿಭಟನೆ ಭುಗಿಲೆದ್ದಾಗ, ವಸಾಹತು ಆಡಳಿತ ರಾಷ್ಟ್ರೀಯ ಚಳವಳಿಯನ್ನು ಹತ್ತಿಕ್ಕಲು ಬಳಸಿದ್ದ ಕಾನೂನನ್ನೇ ಚುನಾಯಿತ ಮಂತ್ರಿಮಂಡಲವೂ ಬಳಸಿತು. ಸಾವಿರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಆಗಸ್ಟ್‌ನಲ್ಲಿ ತಿರುಚಿರಾಪಳ್ಳಿಯಿಂದ ಮದರಾಸಿಗೆ ಕಾಲ್ನಡಿಗೆಯಲ್ಲಿ ಹೊರಟ ತಂಡದಲ್ಲಿದ್ದ ಏಕೈಕ ಮಹಿಳೆ ಮೂವಲೂರು ರಾಮಾಮೃತಂ ಅಮ್ಮೈಯಾರ್. ದೇವದಾಸಿ ಹಿನ್ನೆಲೆಯಿಂದ ಬಂದು ಆ ಪದ್ಧತಿಯ ವಿರುದ್ಧ ಹೋರಾಡಿದ, 1936ರಲ್ಲಿ ಅದನ್ನೇ ವಸ್ತುವಾಗಿಸಿಕೊಂಡು ಕಾದಂಬರಿ ಪ್ರಕಟಿಸಿದ ಲೇಖಕಿ ಅವರು.

1938ರ ನವೆಂಬರ್ 13ರಂದು ಮದರಾಸಿನಲ್ಲಿ ನೀಲಾಂಬಿಕೈ ಅಮ್ಮೈಯಾರ್ ಅವರ ಅಧ್ಯಕ್ಷತೆಯಲ್ಲಿ ತಮಿಳುನಾಡು ಮಹಿಳಾ ಸಮ್ಮೇಳನ ನಡೆಯಿತು. ರಾಮಸ್ವಾಮಿಯವರನ್ನು ಇನ್ನು ಮುಂದೆ ಪೆರಿಯಾರ್ ಎಂದೇ ಕರೆಯಬೇಕೆಂದು ನಿರ್ಣಯಿಸಿದ್ದು ಈ ಸಮ್ಮೇಳನ. ಹಿರಿಯರು ಎಂಬ ಅರ್ಥದ ಈ ಬಿರುದನ್ನು ಕೊಟ್ಟವರು ಮಹಿಳೆಯರು ಎಂಬುದು ಗಮನಾರ್ಹ. ಮರುದಿನ ಡಾ. ಧರ್ಮಾಂಬಾಳ್, ರಾಮಾಮೃತಂ ಅಮ್ಮೈಯಾರ್ ಮೊದಲಾದವರು ಶಾಲೆಯ ಎದುರು ಸತ್ಯಾಗ್ರಹ ನಡೆಸಿ ಬಂಧಿತರಾದರು. ಅನಂತರ ತಂಡ ತಂಡವಾಗಿ ಮಹಿಳೆಯರು ಸೆರೆಮನೆ ಸೇರಿದರು. ಕೆಲವರ ಕಂಕುಳಲ್ಲಿ ಎಳೆಯ ಮಕ್ಕಳಿದ್ದವು.

ಚಳವಳಿ ಆರಂಭವಾದಂದಿನಿಂದ ಪೆರಿಯಾರ್ ಅವರು ಊರೂರು ಸುತ್ತಿ ಭಾಷಣ ಮಾಡುತ್ತಲೇ ಇದ್ದರು. ಆದರೆ ಸರ್ಕಾರ ಅವರ ಮೇಲೆ ಮೊಕದ್ದಮೆ ಹೂಡಿದ್ದು ಮಹಿಳೆಯರ ಬಂಧನ ಆರಂಭವಾದ ಮೇಲೆ, ಮಹಿಳಾ ಸಮ್ಮೇಳನದ ಭಾಷಣದ ಮೂಲಕ ಸ್ತ್ರೀಯರನ್ನು ಕಾನೂನುಭಂಗಕ್ಕೆ ಪ್ರಚೋದಿಸಿದರೆಂಬ ಆರೋಪದ ಮೇಲೆ. ಈ ಆರೋಪದ ಹಿಂದೊಂದು ಗ್ರಹಿಕೆಯಿದೆ: ಮಹಿಳೆಯರು ಬೀದಿಗಿಳಿದರೆ ಅವರನ್ನು ಇಳಿಸಿದ ಗಂಡಸೊಬ್ಬ ಇರಲೇಬೇಕು, ಅವರಿಗೆ ಸ್ವಂತ ನಿರ್ಧಾರವೆಂಬುದಿಲ್ಲ. ಅದೇ ಸಮ್ಮೇಳನದಲ್ಲಿ ಭಾಗವಹಿಸಿ ಸ್ವತಃ ಸೆರೆಮನೆಗೆ ಹೋದ ಧರ್ಮಾಂಬಾಳ್, ರಾಮಾಮೃತಂ ಅವರಂತಹ ನಾಯಕಿಯರ ಬದುಕು ಈ ಗ್ರಹಿಕೆಯನ್ನು ಸುಳ್ಳಾಗಿಸುತ್ತದೆ. ನವೆಂಬರ್ 26ರಂದು ಬಂಧಿತರಾದ ಪೆರಿಯಾರ್ ಅವರು ನ್ಯಾಯಾಲಯದಲ್ಲಿ ಪ್ರತಿವಾದ ಹೂಡಲು ನಿರಾಕರಿಸಿದರು. ಡಿಸೆಂಬರ್‌ನಲ್ಲಿ ಕಠಿಣ ಸೆರೆವಾಸ ಮತ್ತು ದಂಡದ ಶಿಕ್ಷೆಯಾಯಿತು. ಅವರನ್ನು ಮದರಾಸಿನಿಂದ ಬಳ್ಳಾರಿಯ ಸೆರೆಮನೆಗೆ ಸಾಗಿಸಲಾಯಿತು.

ಕಟ್ಟುನಿಟ್ಟಾದ ಅರ್ಥದಲ್ಲಿ ಇದು ಗಡೀಪಾರಲ್ಲ. ಬಳ್ಳಾರಿಯೂ ಮದರಾಸು ಪ್ರಾಂತ್ಯದ ಜಿಲ್ಲೆಯೇ ಆಗಿತ್ತು. ಆದರೆ ಪತ್ರಿಕೆ, ಅನುಯಾಯಿಗಳು, ಚಳವಳಿಯ ಭಾಷೆ ಎಲ್ಲದರಿಂದ ನಾಯಕನನ್ನು ದೂರವಿರಿಸುವ ಪರಿಣಾಮ ಇದರಿಂದ ಉಂಟಾಯಿತು. ಹಿಂದಿ ಹೇರಿಕೆಯ ವಿರುದ್ಧದ ತಮಿಳು ಹೋರಾಟದ ನಾಯಕ ತನ್ನ ಮನೆಮಾತಿನ ಜಿಲ್ಲೆಯಲ್ಲಿ ಬಂಧಿಯಾದ ವ್ಯಂಗ್ಯವೂ ಇಲ್ಲಿದೆ. ಅವರು ಸೆರೆಯಲ್ಲಿದ್ದಾಗಲೇ, 1938ರ ಡಿಸೆಂಬರ್ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಜಸ್ಟಿಸ್ ಪಕ್ಷದ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಆಯ್ಕೆ ಮಾಡಿತು. ಅಧ್ಯಕ್ಷ ಭಾಷಣವನ್ನು ಎ.ಟಿ. ಪನ್ನೀರ್‌ಸೆಲ್ವಂ ಓದಿದರು. ಮುಂದೆ ಪೆರಿಯಾರ್ ಅವರನ್ನು ಕೊಯಮತ್ತೂರಿನ ಸೆರೆಮನೆಗೆ ವರ್ಗಾಯಿಸಲಾಯಿತು. 1939ರ ಮೇ 22ರಂದು ಅವಧಿಗೆ ಮುನ್ನವೇ ಬಿಡುಗಡೆಯಾಯಿತು. ಕಡ್ಡಾಯ ಹಿಂದಿಯ ಆಜ್ಞೆ 1940ರ ಫೆಬ್ರುವರಿಯಲ್ಲಿ ರದ್ದಾಯಿತು.

ನದಿಯ ಆಚೆಯ ದಂಡೆ

ಪೆರಿಯಾರ್ ಅವರು ಬಳ್ಳಾರಿಗೆ ಬಂದ ಅದೇ ಚಳಿಗಾಲದಲ್ಲಿ ನದಿಯ ಉತ್ತರದ ಹೈದರಾಬಾದ್ ಸಂಸ್ಥಾನದಲ್ಲಿಯೂ ಸತ್ಯಾಗ್ರಹ ನಡೆದಿತ್ತು. ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮ ಸರ್ಕಾರ 1938ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತ್ತು. ಅಕ್ಟೋಬರ್ 24ರಿಂದ ಸತ್ಯಾಗ್ರಹಿಗಳು ಬಂಧನಕ್ಕೊಳಗಾದರು. ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಸಾರ್ವಜನಿಕ ಸಭೆ ಸೇರಿಸಲು ಪೂರ್ವಾನುಮತಿ ಬೇಕಿತ್ತು. ಕನ್ನಡದ ಶಿಕ್ಷಣಕ್ಕೂ ಪತ್ರಿಕೆಗಳಿಗೂ ಅವಕಾಶ ಅತ್ಯಲ್ಪವಾಗಿತ್ತು. ಒಂದು ದಂಡೆಯಲ್ಲಿ ಕಾಂಗ್ರೆಸ್ ಆಳುವ ಪಕ್ಷವಾಗಿ ಪ್ರತಿಭಟನೆಯನ್ನು ಹತ್ತಿಕ್ಕಿದರೆ, ಇನ್ನೊಂದು ದಂಡೆಯಲ್ಲಿ ಅದೇ ಹೆಸರಿನ ಸಂಘಟನೆ ದಮನಕ್ಕೆ ತುತ್ತಾಗಿತ್ತು. ಪ್ರಭುತ್ವದ ದಮನವನ್ನು ಯಾವುದೋ ಒಂದು ಪಕ್ಷದ ಸ್ವಭಾವವೆಂದು ವಿವರಿಸಲು ಸಾಧ್ಯವಿಲ್ಲವೆಂಬುದಕ್ಕೆ ಈ ಎರಡು ದಂಡೆಗಳು ನಿದರ್ಶನ.

ಸ್ತ್ರೀಯರ ಮಟ್ಟಿಗೆ ಈ ಗಡಿಯ ಪರಿಣಾಮ ಇನ್ನೂ ದೀರ್ಘವಾದದ್ದು. ಮುತ್ತುಲಕ್ಷ್ಮಿ ರೆಡ್ಡಿಯವರು 1920ರ ದಶಕದ ಕೊನೆಯಲ್ಲಿ ಶಾಸನಸಭೆಯಲ್ಲಿ ಎತ್ತಿದ, ಸ್ವಾಭಿಮಾನ ಚಳವಳಿ ಬೆಂಬಲಿಸಿದ ದೇವದಾಸಿ ಪದ್ಧತಿ ನಿಷೇಧದ ಬೇಡಿಕೆ 1947ರಲ್ಲಿ ಮದರಾಸಿನ ಕಾಯ್ದೆಯಾಯಿತು. 1953ರ ಅಕ್ಟೋಬರ್‌ವರೆಗೂ ಮದರಾಸಿನಲ್ಲಿದ್ದ ಬಳ್ಳಾರಿ ಸೀಮೆಗೆ ಅದು ಅನ್ವಯವಾಯಿತು. ನದಿಯಾಚೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. 1956ರ ಏಕೀಕರಣದ ನಂತರವೂ ಇಡೀ ರಾಜ್ಯಕ್ಕೆ ಏಕರೂಪದ ಕಾಯ್ದೆ ಬರಲು 1982ರವರೆಗೆ ಕಾಯಬೇಕಾಯಿತು. ದಂಡೆಗಳೆರಡರಲ್ಲಿಯೂ ಪದ್ಧತಿ ಕಾಯ್ದೆಯ ನಂತರವೂ ಉಳಿದುಕೊಂಡಿತು ಎಂಬ ವಾಸ್ತವ, ಪೆರಿಯಾರ್ ಅವರು ಕಾಯ್ದೆಗಿಂತ ಮೊದಲು ನಂಬಿಕೆಯ ಬುಡವನ್ನೇ ಅಲುಗಿಸಬೇಕೆಂದು ಹಟ ಹಿಡಿದದ್ದರ ಅರ್ಥವನ್ನು ತಿಳಿಯಲು ನೆರವಾಗುತ್ತದೆ.

ಕಾನೂನಿನ ಇಕ್ಕಟ್ಟು

1944ರಲ್ಲಿ ಸೇಲಂನಲ್ಲಿ ಜಸ್ಟಿಸ್ ಪಕ್ಷ ದ್ರಾವಿಡರ್ ಕಳಗಂ ಎಂಬ ಹೆಸರು ಪಡೆಯಿತು. ಚುನಾವಣೆಗಳಿಂದ ದೂರವುಳಿದ ಈ ಸಂಘಟನೆಯ ಆಸ್ತಿ ಹೆಚ್ಚಾಗಿ ಪೆರಿಯಾರ್ ಅವರ ಹೆಸರಿನಲ್ಲಿಯೇ ಇತ್ತು. 1949ರ ಜುಲೈ 9ರಂದು, ಎಪ್ಪತ್ತರ ಹೊಸ್ತಿಲಿನಲ್ಲಿದ್ದ ಅವರು ತಮ್ಮ ಸಹಾಯಕರಾಗಿದ್ದ, ವಯಸ್ಸಿನಲ್ಲಿ ಬಹಳ ಕಿರಿಯರಾದ ಮಣಿಯಮ್ಮೈ ಅವರನ್ನು ನೋಂದಣಿ ಮೂಲಕ ವಿವಾಹವಾದರು. ಚಳವಳಿಯ ಆಸ್ತಿಗೆ ಮತ್ತು ಕಾರ್ಯಕ್ಕೆ ಕಾನೂನುಬದ್ಧ ವಾರಸುದಾರರೊಬ್ಬರು ಬೇಕೆಂಬುದು ಅವರು ನೀಡಿದ ಕಾರಣ. ವಯೋಮಾನದ ಅಂತರವಿರುವ ಮದುವೆಗಳನ್ನು ಟೀಕಿಸುತ್ತ ಬಂದವರ ಈ ನಡೆ ಅನುಯಾಯಿಗಳಲ್ಲಿ ತೀವ್ರ ಅಸಮಾಧಾನ ಹುಟ್ಟಿಸಿತು. ಅಣ್ಣಾದುರೈ ಮತ್ತು ಸಂಗಡಿಗರು ಹೊರಬಂದು ಅದೇ ಸೆಪ್ಟೆಂಬರ್‌ನಲ್ಲಿ ದ್ರಾವಿಡ ಮುನ್ನೇಟ್ರ ಕಳಗಂ ಸ್ಥಾಪಿಸಿದರು.

ಈ ಪ್ರಸಂಗವನ್ನು ವೈಯಕ್ತಿಕ ದೌರ್ಬಲ್ಯವೆಂದು ಟೀಕಿಸುವ ಅಥವಾ ರಾಜಕೀಯ ಜಾಣ್ಮೆಯೆಂದು ಸಮರ್ಥಿಸುವ ಎರಡು ಬಗೆಯ ಓದುಗಳು ರೂಢಿಯಲ್ಲಿವೆ. ಎರಡೂ ಒಂದು ಸಂಗತಿಯನ್ನು ಬದಿಗೆ ಸರಿಸುತ್ತವೆ. ಅಂದಿನ ಹಿಂದೂ ಕಾನೂನು ಸಾಮಾನ್ಯವಾಗಿ ಹೆಣ್ಣನ್ನು ದತ್ತು ಸ್ವೀಕರಿಸಲು ಅವಕಾಶ ನೀಡುತ್ತಿರಲಿಲ್ಲ; ಆ ಅವಕಾಶ ದೊರೆತದ್ದು 1956ರ ದತ್ತಕ ಕಾಯ್ದೆಯಿಂದ. ಹೆಣ್ಣೊಬ್ಬಳನ್ನು ದತ್ತುಮಗಳಾಗಿ ಸ್ವೀಕರಿಸಿ ವಾರಸುದಾರಳನ್ನಾಗಿಸಲು ಸಾಮಾನ್ಯವಾಗಿ ಅವಕಾಶವಿಲ್ಲದ ವ್ಯವಸ್ಥೆಯಲ್ಲಿ, ಆ ವ್ಯವಸ್ಥೆಯ ಕಟು ವಿಮರ್ಶಕನೂ ಅದರ ನಿಯಮಕ್ಕೆ ಒಳಗಾಗಬೇಕಾಯಿತು. ಹಾಗೆ ಒಳಗಾದದ್ದರ ಹೊರೆಯನ್ನು ಹೆಚ್ಚು ಹೊತ್ತವರು ಮಣಿಯಮ್ಮೈ. ನಿಂದೆಯನ್ನು ಸಹಿಸಿಕೊಂಡು ಕಾಲು ಶತಮಾನ ಚಳವಳಿಯೊಡನಿದ್ದ ಅವರು, 1973ರ ಡಿಸೆಂಬರ್ 24ರಂದು ವೆಲ್ಲೂರಿನಲ್ಲಿ ಪೆರಿಯಾರ್ ಅವರು ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, 1978ರವರೆಗೆ ಸಂಘಟನೆಯ ಅಧ್ಯಕ್ಷರಾಗಿ ಅದನ್ನು ಮುನ್ನಡೆಸಿದರು.

ಸಮಾರೋಪ

ಪೆರಿಯಾರ್ ಅವರ ಬದುಕನ್ನು ಪತ್ರಿಕೆ ಮತ್ತು ಸೆರೆಮನೆಗಳ ನಡುವಿನ ಪಯಣವಾಗಿ ನೋಡಿದಾಗ ಪ್ರತಿ ತಿರುವಿನಲ್ಲಿಯೂ ಮಹಿಳೆಯರಿದ್ದಾರೆ. ವೈಕಂನಲ್ಲಿ ನಾಗಮ್ಮೈ, ರಾಜದ್ರೋಹದ ಕಟಕಟೆಯಲ್ಲಿ ಕಣ್ಣಮ್ಮಾಳ್, 1938ರಲ್ಲಿ ರಾಮಾಮೃತಂ ಮತ್ತು ಧರ್ಮಾಂಬಾಳ್, ಕೊನೆಯಲ್ಲಿ ಮಣಿಯಮ್ಮೈ. ಗಂಡಸರು ಹೆಣ್ಣಿಗೆ ಬಿಡುಗಡೆ ತಂದುಕೊಡಲಾರರೆಂದು ಬರೆದ ಪತ್ರಕರ್ತನ ಮಾತಿಗೆ ಅವರ ಬದುಕೇ ಸಾಕ್ಷ್ಯ ಒದಗಿಸುತ್ತದೆ. ಅವರ ಬರವಣಿಗೆ ಭಾಷೆಯನ್ನೂ ವಾದವನ್ನೂ ಒದಗಿಸಿತು. ಅದನ್ನು ಸಾರ್ವಜನಿಕ ಕ್ರಿಯೆಯಾಗಿ ಪರಿವರ್ತಿಸಿ ಅದರ ಬೆಲೆ ತೆತ್ತವರಲ್ಲಿ ಈ ಮಹಿಳೆಯರು ಮುಂದಿನವರು. ಹೀಗಾಗಿ ಪೆರಿಯಾರ್ ಅಧ್ಯಯನ ಈ ಮಹಿಳೆಯರ ಅಧ್ಯಯನವೂ ಆಗದ ಹೊರತು ಪೂರ್ಣವಾಗಲಾರದು.

ತುಂಗಭದ್ರೆಯ ಕಾಲುವೆಯಿಂದ ನೀರಾವರಿಗೆ ಒಳಪಟ್ಟು ಭೂಮಿಯ ಬೆಲೆ ಏರಿದ ಸಿಂಧನೂರು ಭಾಗದಲ್ಲಾಗಲಿ, ಅದರ ನೆರೆಯ ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಾಗಲಿ, ಹೊಲದ ಪಹಣಿಯಲ್ಲಿ ಮಗಳ ಹೆಸರು ಸೇರುವುದು 1994ರ ತಿದ್ದುಪಡಿಯ ನಂತರ ಕಾನೂನಿನ ಪ್ರಶ್ನೆಯಾಗಿ ಉಳಿದಿಲ್ಲ. ತವರಿನ ಬಾಂಧವ್ಯ ಕೆಡಬಾರದೆಂದು ಹೆಣ್ಣುಮಕ್ಕಳು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ರೂಢಿ ನಾಡಿನ ಎಲ್ಲೆಡೆ ಇರುವಂತಹುದೇ. 1929ರ ಚೆಂಗಲ್ಪಟ್ಟು ನಿರ್ಣಯ ಕಾಯ್ದೆಯ ಪುಸ್ತಕಕ್ಕೆ ಬರಲು ಆರು ದಶಕಗಳು ಬೇಕಾದವು. ಕಾಯ್ದೆಯ ಪುಸ್ತಕದಿಂದ ಪಹಣಿಗೆ ಬರುವ ದಾರಿಯಲ್ಲಿ ಸರ್ಕಾರದ ಅಡ್ಡಿಯಿಲ್ಲ. ಅಲ್ಲಿರುವುದು ಮನೆಯೊಳಗಿನ ಅಡ್ಡಿ. ಪೆರಿಯಾರ್ ಅವರು 1909ರಲ್ಲಿ ಮೊದಲು ಎದುರಿಸಿದ್ದೂ ಅದನ್ನೇ.